ಎರಡು ಔನ್ಸ್ ಮಣ್ಣಿನ ಲೆಕ್ಕ

ಮಲೆನಾಡಿನ ಮಣ್ಣು ಬಹಳ ಸತ್ವಯುತವಾದದ್ದು, ಇಲ್ಲವಾದರೆ ಇಷ್ಟು ದಟ್ಟ ಕಾಡು ಬೆಳೆಯುತ್ತಿತ್ತೇ ಎಂಬ ಮಾತನ್ನು ಬಯಲುಸೀಮೆಯ ನೆಂಟರಷ್ಟೇ ಅಲ್ಲ, ಇಲ್ಲಿಯೇ ಹುಟ್ಟಿ ಬೆಳೆದವರೂ ಆಡುತ್ತಾರೆ. ಕೇಳಿದಾಗಲೆಲ್ಲ ನನಗೆ ಸಣ್ಣದೊಂದು ಸಿಡುಕು. ಸಾಗರದ ಕಡೆ ಬಾವಿ ತೋಡುವಾಗ ಆಳದಿಂದ ಬರುವ ಕೆಂಪು ಮಣ್ಣನ್ನು ಒಂದು ಬುಟ್ಟಿ ತಂದು, ಗೊಬ್ಬರ ಬೆರೆಸದೆ ಬದನೆ ಸಸಿ ನೆಟ್ಟು ನೋಡಲಿ. ಸಸಿ ಜೀವ ಹಿಡಿದುಕೊಂಡಿರುತ್ತದೆ, ಅಷ್ಟೇ, ಮೇಲೇಳುವುದಿಲ್ಲ.

ಏಕೆಂದರೆ ಈ ಮಣ್ಣು ಲಕ್ಷಾಂತರ ವರ್ಷ ಮಳೆಯಲ್ಲಿ ತೊಳೆಸಿಕೊಂಡ ಮಣ್ಣು. ಒಂದು ಮಿಲಿಮೀಟರ್ ಮಳೆ ಎಂದರೆ ಪ್ರತಿ ಚದರ ಮೀಟರಿಗೆ ಒಂದು ಲೀಟರ್ ನೀರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆಯಾಗುತ್ತದೆ. ಅಂದರೆ ಅಲ್ಲಿನ ಒಂದು ಎಕರೆ ನೆಲದ ಮೇಲೆ ಪ್ರತಿವರ್ಷ ಕಡಿಮೆಯೆಂದರೂ 2.8 ಕೋಟಿ ಲೀಟರ್ ನೀರು ಸುರಿಯುತ್ತದೆ. ಕರಗುವುದೆಲ್ಲ ಅದರಲ್ಲಿ ಕರಗಿ ಹಳ್ಳಕ್ಕೆ ಸೇರುತ್ತದೆ: ಮೊದಲು ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ನಿಧಾನವಾಗಿ ಸಿಲಿಕಾ ಕೂಡ. ಕೊನೆಗೆ ಉಳಿಯುವುದು ಕರಗಲೊಲ್ಲದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯ 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದಾಗ, ನೆಲದಿಂದ ಇಟ್ಟಿಗೆಯಂತೆ ಕತ್ತರಿಸಿ ತೆಗೆಯುವ ಕೆಂಪು ಕಲ್ಲನ್ನು ಕಂಡು ಬೆರಗಾಗಿ, 1807ರಲ್ಲಿ ಅಚ್ಚಾದ ಪ್ರವಾಸಗ್ರಂಥದಲ್ಲಿ ಅದನ್ನು 'ಲ್ಯಾಟರೈಟ್' ಎಂದು ಕರೆದ. ಲ್ಯಾಟಿನ್ನಿನಲ್ಲಿ 'ಲ್ಯಾಟರ್' ಎಂದರೆ ಇಟ್ಟಿಗೆಯೇ. ನಮ್ಮವರು ಅದನ್ನು ಜಂಬಿಟ್ಟಿಗೆ ಎನ್ನುತ್ತಾರೆ. ನಮ್ಮ ಹಳೆಯ ಮನೆಗಳ ಗೋಡೆ, ನಿಜ ಹೇಳಬೇಕೆಂದರೆ, ಮಳೆ ಸತ್ವವನ್ನೆಲ್ಲ ಬಸಿದುಕೊಂಡು ಬಿಟ್ಟುಹೋದ ಚರಟ.

ಹಾಗಾದರೆ ಈ ಚರಟದ ಮೇಲೆ ಕಾಡು ಹೇಗೆ ನಿಂತಿದೆ? ಇದನ್ನು ಯೋಚಿಸುವಾಗಲೆಲ್ಲ ನನಗೆ ಬ್ರಸೆಲ್ಸ್ ಸೀಮೆಯ ವೈದ್ಯ, ರಸಾಯನಶಾಸ್ತ್ರಜ್ಞ ಯಾನ್ ಬ್ಯಾಪ್ಟಿಸ್ಟ ವಾನ್ ಹೆಲ್ಮಾಂಟ್ ನೆನಪಾಗುತ್ತಾನೆ. ಒಣಗಿಸಿದ 200 ಪೌಂಡ್ ಮಣ್ಣನ್ನು ಕುಂಡಕ್ಕೆ ತುಂಬಿ, 5 ಪೌಂಡಿನ ವಿಲ್ಲೋ ಸಸಿಯನ್ನು ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಮರ 169 ಪೌಂಡ್ ತೂಗಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾಗಿದ್ದುದು ಸುಮಾರು 2 ಔನ್ಸ್, ಅಂದರೆ ಐವತ್ತಾರು ಐವತ್ತೇಳು ಗ್ರಾಂ. ಮರವೆಲ್ಲ ನೀರಿನಿಂದಲೇ ಆಯಿತು ಎಂದು ಆತ ತೀರ್ಮಾನಿಸಿದ. ಆತನ ಮರಣಾನಂತರ 1648ರಲ್ಲಿ ಈ ವಿವರ ಅಚ್ಚಾಯಿತು. 'ಗ್ಯಾಸ್' ಎಂಬ ಪದವನ್ನೇ ಟಂಕಿಸಿದ ಮನುಷ್ಯ, ಮರದ ಬಹುಪಾಲು ತೂಕ ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಬಂದದ್ದೆಂಬುದನ್ನು ಕಾಣದೆ ಹೋದದ್ದು ವಿಜ್ಞಾನದ ಇತಿಹಾಸದ ಒಂದು ತಮಾಷೆ. ಆದರೆ ನನ್ನ ಆಸಕ್ತಿ ಆತ ತಳ್ಳಿಹಾಕಿದ ಆ 2 ಔನ್ಸಿನಲ್ಲಿದೆ. ಆತನ ತಕ್ಕಡಿ ಎಷ್ಟು ಸೂಕ್ಷ್ಮವಾಗಿತ್ತೋ ಏನೋ, ಹಾಕಿದ ನೀರಿನಲ್ಲಿಯೂ ಒಂದಿಷ್ಟು ಲವಣ ಇದ್ದಿರಲೇಬೇಕು. ಅದು ಬೇರೆ ಮಾತು. ಮರಕ್ಕೆ ನೆಲದಿಂದ ಬೇಕಾದದ್ದು ಕೊಂಚವೇ, ಆದರೆ ಆ ಕೊಂಚ ಸಿಗದಿದ್ದರೆ ಗಾಳಿಯೂ ನೀರೂ ಎಷ್ಟಿದ್ದರೂ ಎಲೆ ಕಟ್ಟುವುದಿಲ್ಲ. ಮಲೆನಾಡಿನ ಕಾಡಿನ ಜಾಣ್ಮೆಯೆಲ್ಲ ಈ ಕೊಂಚವನ್ನು 2.8 ಕೋಟಿ ಲೀಟರ್ ನೀರಿನ ಕೈಗೆ ಕೊಡದೆ ಉಳಿಸಿಕೊಳ್ಳುವುದರಲ್ಲಿದೆ.

ಮೊದಲ ಉಪಾಯ ಮರದ ಮೇಲೆಯೇ ನಡೆಯುತ್ತದೆ. ಎಲೆ ಮುದಿಯಾಗಿ ಹಳದಿಯಾಗುವುದನ್ನು ನಾವು ಸಾವು ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಅದು ಲೆಕ್ಕಾಚಾರದ ಸ್ಥಳಾಂತರ. ಹಸಿರು ಬಣ್ಣದ ಕ್ಲೋರೊಫಿಲ್ಲನ್ನು ಹಿಡಿದಿಟ್ಟ ಪ್ರೋಟೀನುಗಳನ್ನು ಮರ ಒಂದೊಂದಾಗಿ ಬಿಚ್ಚಿ, ಅವುಗಳ ಸಾರಜನಕವನ್ನು ರೆಂಬೆಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ, ರಂಜಕವನ್ನೂ ಹಾಗೆಯೇ. ಶರಾವತಿಯ ಮುಳುಗಡೆಯಲ್ಲಿ ಮನೆ ಬಿಟ್ಟವರು ಹಂಚು, ತೊಲೆ, ಬಾಗಿಲಿನ ಚೌಕಟ್ಟುಗಳನ್ನು ಕಳಚಿಕೊಂಡು ಗೋಡೆಯನ್ನಷ್ಟೇ ನೀರಿಗೆ ಬಿಟ್ಟು ಹೊರಟಂತೆ. ಅಥವಾ ಬೆಳಗಿನ ಜಾವ ಯಕ್ಷಗಾನದ ಆಟ ಮುಗಿದ ಮೇಲೆ ಕಿರೀಟ, ಭುಜಕೀರ್ತಿಗಳೆಲ್ಲ ಪೆಟ್ಟಿಗೆ ಸೇರಿ ಚೌಕಿಯಲ್ಲಿ ಒರೆಸಿದ ಬಣ್ಣದ ಬಟ್ಟೆ ಮಾತ್ರ ಬಿದ್ದಿರುವಂತೆ. ಆ ಹಳದಿ, ಕೊನೆಗೆ ಉಳಿದ ಬಣ್ಣ. ಎಲೆಯಲ್ಲಿದ್ದ ಸಾರಜನಕ ಮತ್ತು ರಂಜಕಗಳ ಸರಿಸುಮಾರು ಅರ್ಧ ಭಾಗ ಹೀಗೆ ಮರಳಿ ಮರಕ್ಕೇ ಸೇರುತ್ತದೆ. ಕ್ಯಾಲ್ಸಿಯಂ ಮಾತ್ರ ಜೀವಕೋಶದ ಗೋಡೆಗಳಲ್ಲಿ ಗಾರೆಯಂತೆ ಕಚ್ಚಿಕೊಂಡಿರುವುದರಿಂದ ಬರುವುದಿಲ್ಲ. ಪೊಟ್ಯಾಸಿಯಂನದು ಇನ್ನೊಂದು ಬಗೆಯ ತೊಂದರೆ: ಅದು ಯಾವ ಅಂಗಾಂಶಕ್ಕೂ ಗಟ್ಟಿಯಾಗಿ ಅಂಟಿಕೊಳ್ಳದೆ ಎಲೆಯ ರಸದಲ್ಲಿ ಕರಗಿಯೇ ಇರುತ್ತದೆ, ಹಾಗಾಗಿ ಹಸಿರೆಲೆಯಿಂದಲೂ ಮಳೆ ಅದನ್ನು ತೊಳೆದುಬಿಡುತ್ತದೆ.

ಎರಡನೆಯ ಉಪಾಯವನ್ನು ನೋಡಲು ಮಂಡಿಯೂರಬೇಕು. ಸೊರಬದ ಯಾವುದಾದರೂ ಕಾನಿನೊಳಗೆ, ಎಂದರೆ ನಿತ್ಯಹಸಿರು ಕಾಡಿನೊಳಗೆ, ಮಳೆಗಾಲ ಹಿಡಿದು ಒಂದು ತಿಂಗಳಾದ ಮೇಲೆ, ಉದುರಿದ ಎಲೆಗಳ ದರಗನ್ನು ಪದರ ಪದರವಾಗಿ ಎತ್ತಿ ನೋಡಿ. ಮೇಲಿನ ಎಲೆ ಇಡಿಯಾಗಿರುತ್ತದೆ. ಅದರ ಕೆಳಗಿನದು ಜಾಲರಿಯಾಗಿ, ನರಗಳಷ್ಟೇ ಉಳಿದಿರುತ್ತವೆ. ಇನ್ನೂ ಕೆಳಗೆ ಬೆರಳಿಗೆ ಹತ್ತುವ ಕಪ್ಪು ಪುಡಿ, ಅದರಲ್ಲಿ ಬಿಳಿ ದಾರಗಳು. ಆ ಪುಡಿಯೊಳಕ್ಕೆ ಕೆಳಗಿನಿಂದ ಮೇಲಕ್ಕೆ ಹತ್ತಿಬಂದ, ಹೊಲಿಗೆ ದಾರದಷ್ಟು ಸಣ್ಣ ಬೇರುಗಳು. ಒಂದು ಗೇಣು ಇಳಿಯುವಷ್ಟರಲ್ಲಿ ಬರೀ ಕೆಂಪು. ಬೇರು ಆಹಾರಕ್ಕಾಗಿ ಆಳಕ್ಕೆ ಇಳಿಯುತ್ತದೆ ಎಂದು ನಾವು ಶಾಲೆಯಲ್ಲಿ ಕಲಿತೆವು, ಇಲ್ಲಿ ಅದು ಕೊಳೆಯುವ ಎಲೆಗೆ ಬಾಯಿ ಹಚ್ಚಲು ಮೇಲಕ್ಕೆ ಬರುತ್ತದೆ. ಬಿಳಿ ದಾರಗಳು ಶಿಲೀಂಧ್ರದ ಎಳೆಗಳು. ತಲೆಗೂದಲಿಗಿಂತ ಹತ್ತು ಪಟ್ಟು ತೆಳುವಾಗಿ ಬೇರು ತೂರಲಾರದ ಸಂದಿನಲ್ಲೆಲ್ಲ ತೂರಿ, ಕಬ್ಬಿಣ ಹಿಡಿದುಕೊಂಡ ರಂಜಕವನ್ನೂ ಬಿಡಿಸಿ ಮರಕ್ಕೆ ತಲುಪಿಸುತ್ತವೆ, ಪ್ರತಿಯಾಗಿ ಸಕ್ಕರೆ ಪಡೆಯುತ್ತವೆ. ನಮ್ಮದಕ್ಕಿಂತಲೂ ಬಡವಾದ ಅಮೆಜಾನಿನ ನೆಲದಲ್ಲಿ ಇಂಥ ಬೇರುಚಾಪೆಯ ಮೇಲೆ ವಿಕಿರಣಶೀಲ ಕ್ಯಾಲ್ಸಿಯಂ ಮತ್ತು ರಂಜಕಗಳನ್ನು ಚಿಮುಕಿಸಿ ನೋಡಿದ ಪ್ರಯೋಗವೊಂದು 1978ರಲ್ಲಿ ಪ್ರಕಟವಾಯಿತು. ಚಾಪೆಯನ್ನು ದಾಟಿ ಕೆಳಗಿಳಿದದ್ದು ಶೇ. 0.1ಕ್ಕಿಂತ ಹೆಚ್ಚಿರಲಿಲ್ಲ.

ಕಾಡಿನ ಸಿರಿ ಕೂಡಿಟ್ಟ ಹಣವಲ್ಲ, ಕೈಯಿಂದ ಕೈಗೆ ಓಡಾಡುವ ಚಲಾವಣೆಯ ನಾಣ್ಯ ಎಂಬುದಕ್ಕೆ ಕುಮರಿ ಬೇಸಾಯಕ್ಕಿಂತ ಬೇರೆ ಸಾಕ್ಷಿ ಬೇಡ. ಕಾಡು ಕಡಿದು ಸುಟ್ಟರೆ ಸಾರಜನಕ ಹೊಗೆಯಾಗಿ ಹೋಗುತ್ತದೆ, ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂ ಬೂದಿಯಲ್ಲಿ ಉಳಿಯುತ್ತವೆ. ಮೊದಲ ಬೆಳೆ ಹುಲುಸು, ಎರಡು ಮೂರು ವರ್ಷಕ್ಕೆ ನೆಲ ಖಾಲಿ. ಕುಮರಿಯವರು ಜಾಗ ಬಿಟ್ಟು ಹೊರಡುತ್ತಿದ್ದುದು ಸೋಮಾರಿತನದಿಂದ ಎಂದು ಬರೆದ ಬ್ರಿಟಿಷ್ ಅಧಿಕಾರಿಗಳಿಗಿಂತ ಅವರಿಗೇ ಈ ನೆಲ ಚೆನ್ನಾಗಿ ಗೊತ್ತಿತ್ತು.

ಅಡಿಕೆ ತೋಟದವರ ದಾರಿ ಬೇರೆ. ಸೊಪ್ಪು ಕಡಿಯಲೆಂದು ತೋಟಕ್ಕೆ ಬಿಟ್ಟ ಕಾಡಾದ ಸೊಪ್ಪಿನಬೆಟ್ಟದ ಸೊಪ್ಪು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಾಗಿ, ಸಗಣಿ ಗಂಜಲ ಹೀರಿ, ಗೊಬ್ಬರಗುಂಡಿಯಲ್ಲಿ ಕಳಿತು, ತೋಟದ ಬುಡ ಸೇರುತ್ತದೆ. ಅಂದರೆ ಬೆಟ್ಟದ ಮರಗಳು ವರ್ಷವಿಡೀ ಹೆಕ್ಕಿದ್ದನ್ನು ಕಣಿವೆಗೆ ಹೊರುವುದು. ಪಕ್ಕದ ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತು ಕೊಟ್ಟಿದ್ದರೆಂದರೆ, ಒಂದು ಎಕರೆಯನ್ನು ಸಾಕಲು ಎಷ್ಟು ಕಾಡು ದುಡಿಯಬೇಕೆಂದು ಊಹಿಸಬಹುದು. ಇದನ್ನು ಪರಿಪೂರ್ಣ ವ್ಯವಸ್ಥೆಯೆಂದು ಹಾಡಿ ಹೊಗಳುವವರೊಂದಿಗೆ ನಾನಿಲ್ಲ. ವಾಪಸು ಏನೂ ಸಿಗದ ಬೆಟ್ಟಗಳು ಬೋಳಾದದ್ದನ್ನು ಕಣ್ಣಾರೆ ಕಂಡಿದ್ದೇವೆ.

ತೋಟದಿಂದ ಹೊರಹೋಗುವುದರ ಕಡೆಗೂ ಒಮ್ಮೆ ನೋಡಬೇಕು. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ (ಗೊಬ್ಬರದ ಭಾಷೆಯಲ್ಲಿ ಪೊಟ್ಯಾಸಿಯಂ) ಎಂಬುದು ಚಾಲ್ತಿಯಲ್ಲಿರುವ ಶಿಫಾರಸು. ಎಕರೆಗೆ ಸುಮಾರು 550 ಮರ ಎಂದರೆ ಪೊಟ್ಯಾಷ್ ಒಂದೇ 77 ಕಿಲೋ. ಅಡಿಕೆ ಗೊನೆ ಕೊಯ್ದಾಗ ಅದರ ಒಳ್ಳೆಯ ಪಾಲು ಕಾಯಿಯ ಜೊತೆ ತೋಟ ಬಿಡುತ್ತದೆ. ಸುಗ್ಗಿ ಮುಗಿಯುವಾಗ ತೀರ್ಥಹಳ್ಳಿ, ಹೊಸನಗರದ ರಸ್ತೆಗಳ ಬದಿಯಲ್ಲಿ ಅಡಿಕೆ ಸಿಪ್ಪೆಯ ರಾಶಿಗಳು ವಾರಗಟ್ಟಲೆ ಹೊಗೆಯಾಡುತ್ತವೆ. ಜೂನಿನ ಮೊದಲ ಮಳೆ ಆ ಬೂದಿಯನ್ನು ಚರಂಡಿಗೆ, ಚರಂಡಿ ಹಳ್ಳಕ್ಕೆ, ಹಳ್ಳ ತುಂಗೆಗೋ ಶರಾವತಿಗೋ ಒಪ್ಪಿಸುತ್ತದೆ.

ಸಮುದ್ರ ಸೇರಿದ ನೀರಿಗೆ ಹಿಂದಿರುಗಲು ಆಕಾಶದ ದಾರಿಯಿದೆ: ಆವಿಯಾದ ನೀರು ಸರಾಸರಿ ಒಂಬತ್ತು ಹತ್ತು ದಿನಗಳಲ್ಲಿ ಮಳೆಯಾಗಿ ಎಲ್ಲಾದರೂ ಇಳಿಯುತ್ತದೆ. ಪೊಟ್ಯಾಸಿಯಂ ಆವಿಯಾಗುವುದಿಲ್ಲ. ಅಲೆಯ ತುಂತುರಿನ ಜೊತೆ ಗಾಳಿಗೇರಿ ಮುಂಗಾರಿನಲ್ಲಿ ಚಿಟಿಕೆಯಷ್ಟು ಬರುವುದನ್ನು ಬಿಟ್ಟರೆ, ಉಳಿದದ್ದು ಸಮುದ್ರವೇ ಒಣಗುವವರೆಗೆ ಕಾಯಬೇಕು. ಕೆನಡಾದ ಸಸ್ಕಾಚೆವಾನಿನಲ್ಲಿ ಸುಮಾರು 38 ಕೋಟಿ ವರ್ಷಗಳ ಹಿಂದೆ ಹಾಗೆ ಒಣಗಿದ ಸಮುದ್ರವೊಂದರ ಉಪ್ಪಿನ ಪದರಗಳನ್ನು ಈಗ ನೆಲದಡಿಯಿಂದ ಅಗೆದು ತೆಗೆಯುತ್ತಾರೆ. ಪೊಟ್ಯಾಷಿಗಾಗಿ ಭಾರತ ಬಹುತೇಕ ಪೂರ್ತಿಯಾಗಿ ಆಮದನ್ನೇ ನಂಬಿದೆ. ಕೆನಡಾ ಕೂಡ ಅದನ್ನು ಕಳಿಸುವ ದೇಶಗಳಲ್ಲಿ ಒಂದು. ಸಿಪ್ಪೆ ಸುಟ್ಟ ತೋಟದವರೇ ಸೊಸೈಟಿಯಿಂದ ತಂದ ಚೀಲವನ್ನು ಬಿಚ್ಚಿದರೆ, ಒಳಗಿನ ಹರಳುಗಳು ಅನೇಕ ಸಲ ತಿಳಿಗೆಂಪಾಗಿರುತ್ತವೆ. ಅದು ಬೆರೆಸಿದ ಬಣ್ಣವಲ್ಲ, ಹರಳಿನಲ್ಲಿ ಸಿಕ್ಕಿಕೊಂಡ ಕಬ್ಬಿಣದ ಆಕ್ಸೈಡು. ಮನೆಯ ಜಂಬಿಟ್ಟಿಗೆ ಗೋಡೆಯ ಕೆಂಪೂ ಅದೇ.