ಚಾರ್ಟಿನಿಂದ ಇಳಿದುಹೋದ ಹೆಸರುಗಳು

ಕಾರವಾರದಿಂದ ಭಟ್ಕಳದವರೆಗೆ ಕಟ್ಟಡದ ಕೆಲಸಕ್ಕೆ ಗಡುವು ಹಾಕುವುದು ಮಳೆ. ಜೂನ್ ಮೊದಲ ವಾರದೊಳಗೆ ತಳಪಾಯ ಮೇಲೇಳದಿದ್ದರೆ ಮುಂದಿನ ನಾಲ್ಕು ತಿಂಗಳು ಹೊಂಡದ ನೀರು ನೋಡುತ್ತ ಕೂರಬೇಕು. ಹಾಗಾಗಿ ಬೇಸಿಗೆಯಲ್ಲಿ ಎಂಜಿನಿಯರುಗಳ ಲ್ಯಾಪ್‌ಟಾಪಿನಲ್ಲಿ ಕೆಲಸದ ವೇಳಾಪಟ್ಟಿ ಹಾಕುವ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಂಥ ತಂತ್ರಾಂಶ ತೆರೆದೇ ಇರುತ್ತದೆ, ಅದರ ಜೊತೆಗೆ ಒಂದು ಹಳೆಯ ಗೊಣಗಾಟವೂ ಇರುತ್ತದೆ. ಐದು ದಿನದ ಚಿರೆಕಲ್ಲಿನ ಗೋಡೆ ಕೆಲಸಕ್ಕೆ ಇಬ್ಬರು ಗಾರೆಯವರನ್ನು ಹಾಕಿದರೆ ಒಮ್ಮೆ ಐದೇ ದಿನ ತೋರಿಸುತ್ತದೆ, ಇನ್ನೊಮ್ಮೆ ಎರಡೂವರೆ ದಿನ. ಇದಕ್ಕೇನು ತಲೆ ಕೆಟ್ಟಿದೆಯೇ ಎಂದು.

ತಲೆ ಕೆಟ್ಟಿಲ್ಲ. ಆಳನ್ನು ಅದು ನೋಡುವ ಬಗೆಯೇ ಬೇರೆ. ಆ ಬಗೆ ಬಂದಿದ್ದು ಹೇಗೆ ಎಂದು ತಿಳಿಯಲು ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕು.

ಅಡ್ಡಪಟ್ಟಿಗಳ ಗ್ಯಾಂಟ್ ಚಾರ್ಟ್ ಎಂದರೆ ಈಗ ನಮಗೆ ಕಾಣುವುದು ಕೆಲಸಗಳ ಸಾಲು: ಅಗೆತ, ತಳಪಾಯ, ಗೋಡೆ, ಸ್ಲ್ಯಾಬ್. ಅಮೆರಿಕದ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಕಾರ್ಖಾನೆಗಳಿಗಾಗಿ ರೂಪಿಸಿದ ಚಾರ್ಟುಗಳಲ್ಲಿ ಇನ್ನೊಂದು ಬಗೆಯೂ ಇತ್ತು. ಅದರ ಒಂದೊಂದು ಸಾಲೂ ಒಬ್ಬೊಬ್ಬ ಕಾರ್ಮಿಕನದು. ಇಂಥವನು ಇವತ್ತು ಮಾಡಬೇಕಿದ್ದುದೆಷ್ಟು, ಮಾಡಿದ್ದೆಷ್ಟು ಎಂಬುದು ಅವನ ಹೆಸರಿನ ಮುಂದೆ ಗೆರೆಯಾಗಿ ಕಾಣುತ್ತಿತ್ತು. ಪೋಲೆಂಡಿನ ಕರೋಲ್ ಅದಾಮಿಯೆಟ್ಸ್ಕಿ 1896ರಲ್ಲೇ ಕೆಲಸದ ವೇಳೆ ತೋರಿಸುವ ಪಟ್ಟಿಯೊಂದನ್ನು ಮಾಡಿದ್ದ, ಆದರೆ ಅದು ಇಂಗ್ಲಿಷ್ ಓದುವವರ ಕಣ್ಣಿಗೆ ಬೀಳಲಿಲ್ಲ. ಅಂತೂ ಚಾರ್ಟಿನ ಆರಂಭದ ದಿನಗಳಲ್ಲಿ ಆಳಿಗೊಂದು ಹೆಸರಿತ್ತು. ಮೇಸ್ತ್ರಿ ಅದನ್ನು ಬೈಯಲು ಬಳಸಿದನೋ ಹೊಗಳಲು ಬಳಸಿದನೋ, ಅದು ಬೇರೆ ಮಾತು.

ಹೆಸರು ಇಳಿದುಹೋದದ್ದು 1957ರ ಹೊತ್ತಿಗೆ. ಡ್ಯೂಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ ರಾಸಾಯನಿಕ ಕಾರ್ಖಾನೆಗಳ ನಿರ್ಮಾಣ ಮತ್ತು ರಿಪೇರಿಗಾಗಿ ಯೂನಿವಾಕ್ ಕಂಪ್ಯೂಟರಿನ ಮೇಲೆ ಕ್ರಿಟಿಕಲ್ ಪಾತ್ ವಿಧಾನವನ್ನು ಕಟ್ಟಿದರು. ಮರುವರ್ಷ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಎಂಬ ಇಂಥದೇ ವಿಧಾನ ತಂದಿತು. ಎರಡೂ ಕೇಳುತ್ತಿದ್ದುದು ಯಾವ ಕೆಲಸ ಯಾವುದರ ನಂತರ, ಎಷ್ಟು ದಿನ ಎಂದು. ಯಾರು ಮಾಡುತ್ತಾರೆ ಎಂಬ ಪ್ರಶ್ನೆ ಲೆಕ್ಕದ ಹೊರಗೇ ಉಳಿಯಿತು. ಕೆಲಸ ಬೇಗ ಮುಗಿಯಬೇಕೇ? ಹೆಚ್ಚು ಖರ್ಚು ಮಾಡಿ ದಿನ ಕಡಿಮೆ ಮಾಡಿಕೊಳ್ಳಿ, ಇಷ್ಟೇ. ದುಡ್ಡು ಬಿಸಾಕಿದರೆ ಆಳು ಸಿಗುತ್ತದೆ ಎನ್ನುವವರ ಗಣಿತ ಅದು. ಡ್ಯೂಪಾಂಟ್‌ಗೆ, ನೌಕಾಪಡೆಗೆ ಅದು ನಿಜವೂ ಆಗಿತ್ತು.

ಯಾರನ್ನು ಯಾವುದಕ್ಕೆ ಎಂಬ ಪ್ರಶ್ನೆಯನ್ನು ಗಣಿತಜ್ಞರು ಬೇರೆಯಾಗಿಯೇ ಬಿಡಿಸುತ್ತಿದ್ದರು. ಹತ್ತು ಜನ, ಹತ್ತು ಕೆಲಸ ಎಂದರೆ ಹಂಚುವ ದಾರಿಗಳು 36,28,800. ಎಲ್ಲವನ್ನೂ ತಡಕಾಡದೆ ಅತಿ ಕಡಿಮೆ ಖರ್ಚಿನ ಹಂಚಿಕೆ ಹುಡುಕುವ ಕ್ರಮವನ್ನು ಹೆರಾಲ್ಡ್ ಕೂನ್ 1955ರಲ್ಲಿ ಪ್ರಕಟಿಸಿದ. ಹಂಗೇರಿಯ ಇಬ್ಬರು ಗಣಿತಜ್ಞರ ಕೆಲಸ ಅದಕ್ಕೆ ಆಧಾರವಾದ್ದರಿಂದ ಅದನ್ನು ಹಂಗೇರಿಯನ್ ವಿಧಾನ ಎಂದೇ ಕರೆದ. ಆದರೆ ಅಲ್ಲಿ ಕೆಲಸಗಳಿಗೆ ಹಿಂದುಮುಂದಿಲ್ಲ. ತಳಪಾಯವಾದ ಮೇಲೆ ಗೋಡೆ ಎಂಬ ಕ್ರಮವೂ ಬೇಕು, ಇರುವುದು ಇಷ್ಟೇ ಆಳು ಎಂಬ ಮಿತಿಯೂ ಬೇಕು ಎಂದರೆ ಲೆಕ್ಕ ಕಗ್ಗಂಟಾಗುತ್ತದೆ. ಕೆಲಸಗಳು ಹೆಚ್ಚಾದಂತೆ ಅತ್ಯುತ್ತಮ ಉತ್ತರವನ್ನು ಬೇಗ ಕೊಡುವ ಖಾತ್ರಿ ವಿಧಾನ ಇಂದಿಗೂ ಇಲ್ಲ. ಮಾರುಕಟ್ಟೆಯ ತಂತ್ರಾಂಶಗಳು ಸಾಮಾನ್ಯವಾಗಿ ಅಂದಾಜಿನ ನಿಯಮಗಳ ಮೇಲೆ ನಡೆಯುತ್ತವೆ.

1983ರಲ್ಲಿ ಪ್ರಿಮಾವೆರಾ ಎಂಬ ವೇಳಾಪಟ್ಟಿ ತಂತ್ರಾಂಶ, 1984ರಲ್ಲಿ ಡಾಸ್‌ಗೆ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಬಂದವು. ವೇಳಾಪಟ್ಟಿ ಸಣ್ಣ ಕಚೇರಿಯ ಮೇಜಿಗೆ ಇಳಿಯಿತು. ಹೆಸರುಗಳೂ ಮರಳಿದವು, ಆದರೆ ಶೇಕಡಾವಾರಿನ ಬಾಲ ಕಟ್ಟಿಕೊಂಡು. ಪ್ರಾಜೆಕ್ಟ್‌ನ ಸೂತ್ರ ಸರಳ: ಕೆಲಸ ಎಂದರೆ ಅವಧಿ ಗುಣಿಲೆ ಯೂನಿಟ್. ಪೂರ್ತಿ ದಿನ ದುಡಿಯುವ ಒಬ್ಬ ಆಳು ನೂರು ಪರ್ಸೆಂಟ್.

ಗೋಡೆಯ ಲೆಕ್ಕಕ್ಕೆ ಬರೋಣ. ಐದು ದಿನದ ಸಾಲಿಗೆ ಇಬ್ಬರು ಗಾರೆಯವರನ್ನು ಒಟ್ಟಿಗೇ ಆರಿಸಿ ಹಾಕಿದರೆ, ಇಬ್ಬರೂ ಐದೈದು ದಿನ ಬೇಕು ಎಂದು ತಂತ್ರಾಂಶ ತಿಳಿಯುತ್ತದೆ. ದಿನಕ್ಕೆ ಎಂಟರಂತೆ 80 ಗಂಟೆ ಕೆಲಸ, ಅವಧಿ ಐದೇ ದಿನ. ಮೊದಲು ಒಬ್ಬನನ್ನು ಹಾಕಿ ಎಂಟರ್ ಒತ್ತಿದರೆ ಕೆಲಸ 40 ಗಂಟೆ ಎಂದು ಗಟ್ಟಿಯಾಗುತ್ತದೆ. ಆಮೇಲೆ ಎರಡನೆಯವನನ್ನು ಸೇರಿಸಿದಾಗ ಎಫರ್ಟ್ ಡ್ರಿವನ್ ಎಂಬ ಗುರುತು ಇದ್ದರೆ ಆ 40 ಗಂಟೆ ಇಬ್ಬರಲ್ಲಿ ಹಂಚಿಹೋಗಿ ಎರಡೂವರೆ ದಿನವಾಗುತ್ತದೆ, ಇಲ್ಲದಿದ್ದರೆ ಮತ್ತೆ 80 ಗಂಟೆ. 2010ರ ಆವೃತ್ತಿಯಿಂದ ಹೊಸ ಕೆಲಸಗಳಿಗೆ ಆ ಗುರುತನ್ನು ತಾನಾಗಿ ಹಾಕುವುದನ್ನು ಬಿಟ್ಟರು. ಹಳೆಯ ಆವೃತ್ತಿಯಲ್ಲಿ ಕಲಿತವರು ಹೊಸದರಲ್ಲಿ ತಬ್ಬಿಬ್ಬಾಗಲು ಇದೂ ಒಂದು ಕಾರಣ. ನನಗೆ ಕೇಳಿದರೆ ಗುರುತು ಇಲ್ಲದಿರುವುದೇ ವಾಸಿ. ಆಳು ಜಾಸ್ತಿಯಾದರೆ ದಿನ ಕಡಿಮೆ ಎಂಬ ಲೆಕ್ಕವನ್ನು ಯಂತ್ರ ತಾನಾಗಿ ಹಾಕಕೂಡದು, ಕೇಳಿ ಹಾಕಬೇಕು. ಐಬಿಎಂನಲ್ಲಿ ದೊಡ್ಡ ತಂತ್ರಾಂಶವೊಂದರ ಉಸ್ತುವಾರಿ ನೋಡಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದ: ತಡವಾದ ತಂತ್ರಾಂಶ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ.

ಶೇಕಡಾವಾರು ಎಲ್ಲಿ ಸೋಲುತ್ತದೆ ಎನ್ನುವುದಕ್ಕೆ ಶಿರಸಿ ಕಡೆಯ ಅಡಿಕೆ ತೋಟ ಸಾಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುಂಚೆ ಒಮ್ಮೆ, ಸುಮಾರು ನಲವತ್ತು–ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು. ಎರಡನೆಯ ಸಲ ಮಳೆ ಬಿಡುವು ಕೊಡುವುದು ಒಂದೆರಡು ದಿನ, ಆ ಒಂದೆರಡು ದಿನವೇ ಊರಿನ ಎಲ್ಲ ತೋಟಕ್ಕೂ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬೇಕು. ಅವನನ್ನು ನಾಲ್ಕು ತೋಟಕ್ಕೆ ಇಪ್ಪತ್ತೈದು ಪರ್ಸೆಂಟಿನಂತೆ ಹಂಚಿದರೆ ಪರದೆಯ ಮೇಲೆ ಒಂದೂ ತಕರಾರು ಬರುವುದಿಲ್ಲ. ಒಂದೇ ಮರದ ತುದಿಯಲ್ಲಿರುವವನು ಉಳಿದ ಮೂರು ತೋಟದಲ್ಲಿ ಕಾಲು ಭಾಗ ಇರುವುದು ಹೇಗೆ? ಕೆಳಗೆ ಕೆಲಸ ಮಾಡುವ ಇಬ್ಬರನ್ನು ಸೇರಿಸಿದರೂ ಒಬ್ಬ ಕೊನೆಗೌಡನಾಗುವುದಿಲ್ಲ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗಿ ಬದಲು ಆಳು ತೀರಿಸುವ ಮುಯ್ಯಾಳಿನ ಪದ್ಧತಿಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಸಾಲ ತೀರುತ್ತಿದ್ದುದು ಆಳಿಗೆ ಆಳು ಎಂಬ ಲೆಕ್ಕದಲ್ಲಿ, ಯಾವ ಕೆಲಸಕ್ಕೆ ಯಾರು ಎಂದು ನೋಡಿಕೊಂಡೇ.

ತಂತ್ರಾಂಶದಲ್ಲಿ ಇದಕ್ಕೆ ಅರ್ಧ ಪರಿಹಾರವಿದೆ. ಇಂಥವರನ್ನು ಎಂದೂ ತುಂಡು ಮಾಡಿ ಹಂಚದೆ ನೂರು ಪರ್ಸೆಂಟಿಗೇ ಹಾಕಬೇಕು. ಆಗ ಒಂದೇ ದಿನ ಎರಡು ಕಡೆ ಹೆಸರು ಬಿದ್ದ ಕೂಡಲೇ ಸಾಲಿನ ಪಕ್ಕ ಕೆಂಪು ಮನುಷ್ಯನ ಚಿತ್ರ ಮೂಡುತ್ತದೆ. ಪ್ರತಿ ಆಳಿಗೂ ಅವನದೇ ಕ್ಯಾಲೆಂಡರ್ ಕೊಡಬೇಕು, ಏಕೆಂದರೆ ಮೂಲ ಕ್ಯಾಲೆಂಡರ್ ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ ಎಂಟರಿಂದ ಸಂಜೆ ಐದು. ಅದಕ್ಕೆ ಶಿರಸಿ ಜಾತ್ರೆಯೂ ಗೊತ್ತಿಲ್ಲ, ಗೋಕರ್ಣದ ಶಿವರಾತ್ರಿಯೂ ಗೊತ್ತಿಲ್ಲ, ಶನಿವಾರ ನಮ್ಮಲ್ಲಿ ಕೆಲಸ ನಡೆಯುತ್ತದೆ ಎಂಬುದೂ ಗೊತ್ತಿಲ್ಲ.

ಒಬ್ಬನ ಮೇಲೆ ಬಿದ್ದ ಹೆಚ್ಚಿನ ಹೊರೆಯನ್ನು ಸರಿತೂಗಿಸುವ ಲೆವೆಲಿಂಗ್ ಗುಂಡಿ ಒತ್ತಿದರೆ ಕೆಂಪು ಹೋಗುತ್ತದೆ ನಿಜ. ಆದರೆ ಅದು ಇನ್ನೊಬ್ಬ ಆಳನ್ನು ಹುಡುಕುವುದಿಲ್ಲ, ಕೆಲಸವನ್ನು ಮುಂದೂಡುತ್ತದೆ ಅಥವಾ ತುಂಡು ಮಾಡುತ್ತದೆ. ಮೇ ತಿಂಗಳ ಕೆಲಸ ಸದ್ದಿಲ್ಲದೆ ಜೂನ್ ಹದಿನೈದಕ್ಕೆ ಜಾರಿದ್ದು ಎಷ್ಟೋ ಸಲ ಪ್ರಿಂಟ್ ತೆಗೆದ ಮೇಲೇ ಕಣ್ಣಿಗೆ ಬೀಳುತ್ತದೆ. ಒತ್ತುವ ಮುಂಚೆ ಬೇಸ್‌ಲೈನ್, ಅಂದರೆ ಮೂಲ ಯೋಜನೆಯ ಪ್ರತಿ, ಉಳಿಸಿಕೊಂಡು, ಇರುವ ಸ್ಲ್ಯಾಕ್‌ನೊಳಗೆ (ಕೊನೆಯ ದಿನ ಕೆಡದಂತೆ ಕೆಲಸ ಸರಿಸಬಹುದಾದ ಬಿಡುವು) ಮಾತ್ರ ಸರಿಸು ಎಂಬ ಆಯ್ಕೆಗೆ ಗುರುತು ಹಾಕಿದರೆ ಕೊನೆಯ ದಿನ ಅಲುಗುವುದಿಲ್ಲ. ಆಮೇಲೂ ಉಳಿಯುವ ಕೆಂಪು ಗುರುತುಗಳಿಗೆ ಫೋನ್ ಹಚ್ಚಿ ಬೇರೆ ಜನ ಹುಡುಕುವುದೊಂದೇ ದಾರಿ.