‘ಅತಿ’ ಅಂದರೆ ಬರೀ ‘ಜಾಸ್ತಿ’ ಅಂತಲೇ ಅರ್ಥವಾ?

ಪ್ರಶ್ನೆ: ‘ಅತಿ ಎತ್ತರದ ಶಿಖರ’ ಅನ್ನುವಾಗ ‘ಅತಿ’ ಹೊಗಳಿಕೆಯಂತೆ ಕೇಳುತ್ತದೆ. ‘ನಿಂದು ಅತಿಯಾಯ್ತು’ ಅಂದರೆ ಬೈದಂತೆ. ಒಂದೇ ಪದ ಎರಡು ಥರ ಹೇಗೆ? ‘ಜಾಸ್ತಿ’ಗೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ‘ಅತಿ’ ಸಂಸ್ಕೃತದಿಂದ ಬಂದ ಪದ. ಅದರ ಮೂಲ ಅರ್ಥ ‘ದಾಟಿ’, ‘ಮೀರಿ’ ಅಂತ. ‘ಅತಿಕ್ರಮಣ’ದಲ್ಲಿ ಗಡಿ ದಾಟುತ್ತಾರೆ, ಅಲ್ವಾ? ‘ಅತೀತ’ದಲ್ಲೂ ಅದೇ ಇದೆ. ಅತಿ, ಇತ ಎರಡೂ ಸೇರಿ ‘ದಾಟಿ ಹೋದದ್ದು’. ಅತಿವೃಷ್ಟಿ ಅಂದರೆ ಸುಮ್ನೆ ಜೋರು ಮಳೆ ಅಲ್ಲ, ಬೆಳೆ ಹಾಳಾಗುವಷ್ಟು ಮಳೆ.

ಈಗ ಶಿಖರಕ್ಕೆ ಬನ್ನಿ. ‘ಅತಿ ಎತ್ತರದ’, ‘ಅತಿ ಚಿಕ್ಕ’ ಅನ್ನುವಾಗ ಅದು ದಾಟಿದ್ದು ತನ್ನ ಜೊತೆಯವನ್ನು. ಅದರಲ್ಲಿ ತಪ್ಪೇನೂ ಇಲ್ಲ. ‘ಅತಿಯಾಯ್ತು’ ಅನ್ನುವಾಗ ದಾಟಿದ್ದು ಮಿತಿಯನ್ನು. ‘ಅತಿಯಾದರೆ ಅಮೃತವೂ ವಿಷ’ ಅನ್ನುವ ಗಾದೆಯಲ್ಲಿರುವುದು ಈ ಎರಡನೆಯ ‘ಅತಿ’.

‘ಜಾಸ್ತಿ’ಗೆ ಮೂಲದಲ್ಲಿ ಈ ದೂರು ಇಲ್ಲ. ಅರಬ್ಬಿ ಮೂಲದ ಈ ಪದ ಮರಾಠಿಯಲ್ಲೂ ಇದೆ. ನಮ್ಮ ‘ಹೆಚ್ಚು’ ಹಳಗನ್ನಡದಲ್ಲಿ ‘ಪೆರ್ಚು’ ಆಗಿತ್ತು. ಬರೆಯುವಾಗ ‘ಹೆಚ್ಚು’, ಮಾತಾಡುವಾಗ ‘ಜಾಸ್ತಿ’ ನಮಗೆ ರೂಢಿ.

ನನಗೆ ತುಂಬ ಇಷ್ಟವಾದ ಸಂಗತಿ ಬೇರೆ ಇದೆ. ‘ಗಿಡಕ್ಕೆ ನೀರು ಜಾಸ್ತಿ ಹಾಕು’ ಅಂದರೆ ಇನ್ನಷ್ಟು ಹಾಕು ಅಂತ. ‘ಗಿಡಕ್ಕೆ ನೀರು ಜಾಸ್ತಿ ಆಯ್ತು’ ಅಂದರೆ ಬೇಕಾದ್ದಕ್ಕಿಂತ ಮೀರಿತು, ಬೇರು ಕೊಳೆಯಬಹುದು ಅಂತ. ‘ಜಾಸ್ತಿ’ ಬದಲಾಗಲಿಲ್ಲ. ಅರ್ಥ ತಿರುಗಿಸಿದ್ದು ‘ಆಯ್ತು’. ‘ಅಂಗಿ ದೊಡ್ಡದಾಯ್ತು’ ಅನ್ನಿ. ಇಲ್ಲಿ ಜಾಸ್ತಿಯೂ ಇಲ್ಲ, ಅತಿಯೂ ಇಲ್ಲ. ಆದರೂ ಅಂಗಿ ಅಳತೆಗೆ ಕೂರಲಿಲ್ಲ ಅಂತ ಎಲ್ಲರಿಗೂ ತಿಳಿಯುತ್ತದೆ. ಅದಕ್ಕೇ ಅನುವಾದಗಳಲ್ಲಿ ‘ಅಂಗಿ ನನಗೆ ಅತಿ ದೊಡ್ಡದಾಗಿದೆ’ ಅಂತ ಓದಿದರೆ ಮನಸ್ಸಿಗೆ ಕಸಿವಿಸಿ. ಇಷ್ಟು ಚೆಂದದ ‘ಆಯ್ತು’ ಕೈಯಲ್ಲೇ ಇದೆಯಲ್ಲ!

‘ನಿಂದು ಜಾಸ್ತಿ ಆಯ್ತು’ ಅಂತಲೂ ಗದರುತ್ತೇವೆ, ನಿಜ. ಅಲ್ಲೂ ಕೆಲಸ ಮಾಡುವುದು ‘ಆಯ್ತು’. ‘ಅತಿ’ಗೆ ಅದರ ಆಸರೆ ಬೇಕೇ ಬೇಕು ಅಂತೇನಿಲ್ಲ. ಒಬ್ಬರ ನಡೆ, ಮಾತು, ತೋರಿಕೆ ಯಾವುದನ್ನೂ ಬಿಡಿಸಿ ಹೇಳದೆ ‘ಅವರದು ಸ್ವಲ್ಪ ಅತಿ’ ಅಂದುಬಿಡಿ. ಏನು ಅತಿ ಅಂತ ಯಾರೂ ಕೇಳುವುದಿಲ್ಲ.