ಸೇವೆ ನಿಲ್ಲಿಸದೆ ಸರ್ವರ್ ಬದಲಿಸುವ ಬಗೆ

ದತ್ತಾಂಶಕ್ಕಿಂತ ಅದನ್ನು ಹೊತ್ತ ಯಂತ್ರಕ್ಕೆ ಆಯಸ್ಸು ಕಡಿಮೆ. ಕೆಲವೇ ವರ್ಷಗಳಲ್ಲಿ ಡಿಸ್ಕ್‌ಗಳು ಕೈಕೊಡತೊಡಗುತ್ತವೆ. ಅವುಗಳಲ್ಲಿನ ಕಡತಗಳು ಮಾತ್ರ ದಶಕಗಟ್ಟಲೆ ಉಳಿಯಬೇಕು. ಆದ್ದರಿಂದ ದೊಡ್ಡ ಸಂಗ್ರಹ ವ್ಯವಸ್ಥೆಗಳಲ್ಲಿ ಹಳೆಯ ಸರ್ವರ್ ತೆಗೆದು ಹೊಸದನ್ನು ಕೂರಿಸುವ ಕೆಲಸ ಮುಗಿಯುವುದೇ ಇಲ್ಲ. ಬಳಕೆದಾರರಿಗೆ ಅದರ ಸುಳಿವೂ ಸಿಗಬಾರದು.

ದತ್ತಾಂಶವನ್ನು ಹಲವು ಸರ್ವರ್‌ಗಳಲ್ಲಿ ಹಂಚಿಡುವ ಸೆಫ್ ಎಂಬ ಮುಕ್ತ ತಂತ್ರಾಂಶವನ್ನು ನೋಡೋಣ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ಸೇಜ್ ವೈಲ್ ಅವರ ಸಂಶೋಧನೆಯಿಂದ ಹುಟ್ಟಿದ ಇದರ ಪ್ರಬಂಧ 2006ರಲ್ಲಿ ಪ್ರಕಟವಾಯಿತು. ಇಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯವೂ ಇದನ್ನು ಬಳಸುತ್ತದೆ. ಸಾಮಾನ್ಯವಾಗಿ ದತ್ತಾಂಶದ ಪ್ರತಿ ತುಣುಕಿಗೂ ಬೇರೆ ಬೇರೆ ಸರ್ವರ್‌ಗಳಲ್ಲಿ 3 ಪ್ರತಿಗಳಿರುತ್ತವೆ. ಯಾವುದು ಎಲ್ಲಿದೆ ಎಂದು ಒಂದೊಂದನ್ನೂ ಬರೆದಿಡುವುದಿಲ್ಲ. ಕ್ರಶ್ ಎಂಬ ಸೂತ್ರ ಲೆಕ್ಕಹಾಕಿ ಹೇಳುತ್ತದೆ. ಸರ್ವರ್‌ಗಳ ಪಟ್ಟಿ ಬದಲಾದರೆ ಉತ್ತರವೂ ಬದಲಾಗುತ್ತದೆ, ದತ್ತಾಂಶ ತಾನಾಗಿ ಹೊಸ ಜಾಗಕ್ಕೆ ಹೊರಡುತ್ತದೆ.

ಇಷ್ಟು ಜಾಣತನವಿರುವಾಗ ಹಳೆಯ ಸರ್ವರ್ ಅನ್ನು ಸುಮ್ಮನೆ ಆಫ್ ಮಾಡಿಬಿಟ್ಟರಾಗದೇ? ಬಹಳಷ್ಟು ಸಲ ಏನೂ ಕೆಡುವುದಿಲ್ಲ, ಅದಕ್ಕೇ ಜನ ಹಾಗೆ ಮಾಡುತ್ತಾರೆ. ಆದರೆ ಆಫ್ ಮಾಡಿದ ಕ್ಷಣದಿಂದ ಅದರಲ್ಲಿದ್ದ ತುಣುಕುಗಳಿಗೆ ಉಳಿಯುವುದು ಎರಡೇ ಪ್ರತಿ. 10 ನಿಮಿಷ ಕಾದು ಸೆಫ್ ಮೂರನೆಯದನ್ನು ಕಟ್ಟತೊಡಗುತ್ತದೆ, ನಿಜ. 100 ಟೆರಾಬೈಟ್ ಸಾಗಿಸಲು ಸೆಕೆಂಡಿಗೆ 1 ಗಿಗಾಬೈಟ್ ವೇಗದಲ್ಲೂ ಒಂದು ದಿನ ಸಾಲದು. ಅಷ್ಟರಲ್ಲಿ ಇನ್ನೊಂದು ಸರ್ವರ್‌ನ ಡಿಸ್ಕ್ ಸತ್ತರೆ ಕೆಲವು ತುಣುಕುಗಳಿಗೆ ಒಂದೇ ಪ್ರತಿ ಉಳಿಯುತ್ತದೆ. ಆಗ ಸೆಫ್ ಅವುಗಳ ಓದು-ಬರಹವನ್ನೇ ತಡೆಹಿಡಿಯುತ್ತದೆ. ಒಟ್ಟಿಗೆ ಕೊಂಡ ಡಿಸ್ಕ್‌ಗಳಿಗೆ ಮುಪ್ಪೂ ಒಟ್ಟಿಗೇ ಬರುತ್ತದೆ.

ಹಾಗಾಗಿ ಮೊದಲು ಹೊಸ ಸರ್ವರ್ ಸೇರಿಸಬೇಕು. ತಲಾ ಶೇ 72ರಷ್ಟು ತುಂಬಿದ 4 ಸರ್ವರ್‌ಗಳಲ್ಲಿ ಒಂದನ್ನು ತೆಗೆದರೆ ಉಳಿದವು ಶೇ 96ಕ್ಕೆ ಏರಬೇಕಾಗುತ್ತದೆ. ಡಿಸ್ಕ್ ಶೇ 90 ತುಂಬಿದಾಗಲೇ ಅದರತ್ತ ಸ್ಥಳಾಂತರ ನಿಲ್ಲುತ್ತದೆ, ಶೇ 95ಕ್ಕೆ ಬರಹವೂ ನಿಲ್ಲುತ್ತದೆ.

ಆಮೇಲೆ ಹಳೆಯ ಡಿಸ್ಕ್‌ಗಳಿಗೆ ಕ್ರಶ್‌ನಲ್ಲಿ ಕೊಟ್ಟಿರುವ ತೂಕವನ್ನು, ಅಂದರೆ ದತ್ತಾಂಶದಲ್ಲಿ ಅವುಗಳ ಪಾಲನ್ನು, ಸೊನ್ನೆಗೆ ಇಳಿಸಬೇಕು. ಯಂತ್ರ ಓಡುತ್ತಲೇ ಇರುತ್ತದೆ. ಹೊಸ ಪ್ರತಿ ಸಿದ್ಧವಾಗುವವರೆಗೆ ಹಳೆಯದೂ ಇರುತ್ತದೆ. ತೂಕ ಹಾಗೆಯೇ ಬಿಟ್ಟು ಡಿಸ್ಕ್‌ಗಳನ್ನು ಒಂದೊಂದಾಗಿ ‘ಹೊರಗೆ’ ಎಂದಷ್ಟೇ ಗುರುತಿಸಿದರೆ, ದತ್ತಾಂಶ ಅದೇ ಸರ್ವರ್‌ನ ಪಕ್ಕದ ಡಿಸ್ಕ್‌ಗೆ ಹೋಗಿ, ಮುಂದೆ ಪಟ್ಟಿಯಿಂದ ತೆಗೆದಾಗ ಮತ್ತೊಮ್ಮೆ ಹೊರಡುತ್ತದೆ. ದುಪ್ಪಟ್ಟು ದಂಡ.

ದತ್ತಾಂಶವೆಲ್ಲ ಹೊರಟ ಮೇಲೆ ಹಳೆಯ ಡಿಸ್ಕ್ ಬಗ್ಗೆ ಕೇಳಬೇಕಾದ ಪ್ರಶ್ನೆ ‘ನಿಲ್ಲಿಸಬಹುದೇ?’ ಎಂದಲ್ಲ, ‘ನಾಶ ಮಾಡಬಹುದೇ?’ ಎಂದು. ಸೆಫ್‌ನಲ್ಲಿ ಇವೆರಡಕ್ಕೂ ಬೇರೆ ಬೇರೆ ಆದೇಶಗಳಿವೆ. ನಿಲ್ಲಿಸಬಹುದು ಎಂದರೆ ಸೇವೆಗೆ ಸದ್ಯ ತೊಂದರೆಯಿಲ್ಲ ಎಂದಷ್ಟೇ. ನಾಶ ಮಾಡಬಹುದು ಎಂದರೆ ಇದರಲ್ಲಿರುವ ಯಾವುದೂ ಇನ್ನು ಬೇಕಿಲ್ಲ ಎಂದು. ಮೊದಲ ಉತ್ತರ ನಂಬಿ ಡಿಸ್ಕ್ ಅಳಿಸಿದವರಿಗೆ ದೇವರೇ ದಿಕ್ಕು.

ಅದೇ ಸರ್ವರ್‌ನಲ್ಲಿ ಮಾನಿಟರ್ ಎಂಬ ಸೆಫ್‌ನ ಕಾವಲು ತಂತ್ರಾಂಶ ಕೂಡ ಓಡುತ್ತಿದ್ದರೆ ಇನ್ನೊಂದು ಕೆಲಸ ಬಾಕಿ. ಸರ್ವರ್ ಸಮೂಹದಲ್ಲಿ ಯಾವುದೆಲ್ಲ ಇದೆ ಎಂಬ ನಕ್ಷೆ ಕಾಯುವ ಮಾನಿಟರ್‌ಗಳು ಬಹುಮತದಿಂದ ನಡೆಯುತ್ತವೆ: ಮೂರರಲ್ಲಿ ಎರಡು ಬೇಕೇ ಬೇಕು. ಹೊಸ ಮಾನಿಟರ್ ಗುಂಪಿಗೆ ಸೇರಿದ್ದನ್ನು ಖಚಿತಪಡಿಸಿಕೊಂಡ ಮೇಲೆಯೇ ಹಳೆಯದನ್ನು ತೆಗೆಯಬೇಕು, ಅದೂ ಒಮ್ಮೆಗೆ ಒಂದನ್ನು ಮಾತ್ರ.